ಶೆಲ್ಫ್ ಗೋಡೆಯಿಂದ ಬಿಟ್ಟುಕೊಂಡರೆ: ಪ್ಲಗ್, ಸ್ಕ್ರೂ, ಗೋಡೆ ಮೂರನ್ನೂ ಪರೀಕ್ಷಿಸುವುದು ಹೇಗೆ

ಶೆಲ್ಫ್ ಜೋತು ಬಿದ್ದಾಗ ನಾವು ಮೊದಲು ಬೈಯುವುದು ಸ್ಕ್ರೂವನ್ನು, ಇಲ್ಲಾಂದ್ರೆ ಬ್ರಾಕೆಟ್ ಕೊಟ್ಟ ಅಂಗಡಿಯವರನ್ನು. ಆದರೆ ಹೆಚ್ಚಿನ ಸಲ ತಪ್ಪು ಅಲ್ಲಿರುವುದಿಲ್ಲ. ಗೋಡೆ ಯಾವ ಥರದ್ದು ಅಂತ ನೋಡದೆ ಪ್ಲಗ್ (ಗೋಡೆಯ ತೂತಿನೊಳಗೆ ಕೂತು ಸ್ಕ್ರೂವನ್ನು ಹಿಡಿದುಕೊಳ್ಳುವ ಪ್ಲಾಸ್ಟಿಕ್ ಕೊಳವೆ) ತಂದಿರುತ್ತೇವೆ. ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಈ ತೊಂದರೆ ಇನ್ನೂ ಜಾಸ್ತಿ, ಯಾಕೆಂದರೆ ಇಲ್ಲಿ ಒಂದೇ ಮನೆಯಲ್ಲಿ ಮೂರು ಥರದ ಗೋಡೆ ಇರುವುದುಂಟು: ಅಜ್ಜನ ಕಾಲದ ಹಜಾರ ಮಣ್ಣಿನದು, ಆಮೇಲೆ ಸೇರಿಸಿದ ಅಡುಗೆಮನೆ ಸುಟ್ಟ ಇಟ್ಟಿಗೆಯದು, ಈಚೆಗೆ ಎತ್ತಿದ ಮೇಲಿನ ರೂಮು ಸಿಮೆಂಟ್ ಬ್ಲಾಕಿನದು. ಪೇಂಟ್ ಹೊಡೆದ ಮೇಲೆ ಮೂರೂ ಒಂದೇ ಥರ ಕಾಣುತ್ತವೆ. ಮೇಲಿನ ರೂಮಿನಲ್ಲಿ ಕಲ್ಲಿನ ಹಾಗೆ ಕೂತ ಪ್ಲಗ್ ಹಜಾರದಲ್ಲಿ ಒಂದು ವಾರವೂ ನಿಲ್ಲುವುದಿಲ್ಲ.

ಹಾಗಾಗಿ ನಿಮ್ಮ ಕಣ್ಣಿಗೆ ಏನು ಕಾಣುತ್ತಿದೆಯೋ ಅಲ್ಲಿಂದಲೇ ಶುರು ಮಾಡೋಣ. ಖರ್ಚಿಲ್ಲದ ಪರೀಕ್ಷೆ ಮೊದಲು, ಗೋಡೆ ಕೊರೆಯುವುದು ಆಮೇಲೆ.

ಏನೇ ಮಾಡುವ ಮೊದಲು

ಶೆಲ್ಫ್ ಮೇಲಿರುವುದನ್ನೆಲ್ಲ ಇಳಿಸಿ. ಒಂದು ಕೈಯಲ್ಲಿ ಹಲಗೆ ಹಿಡಿದು ಇನ್ನೊಂದು ಕೈಯಲ್ಲಿ ಸ್ಕ್ರೂ ಬಿಗಿ ಮಾಡುವ ಕೆಲಸ ಬೇಡ. ಕೆಳಗೆ ಮಕ್ಕಳು ಆಡುವ ಜಾಗ, ಮಂಚದ ತಲೆದಿಸೆ, ಗ್ಯಾಸ್ ಒಲೆ ಇದ್ದರೆ ದುರಸ್ತಿ ಆಗುವವರೆಗೆ ಶೆಲ್ಫ್ ಖಾಲಿಯೇ ಇರಲಿ.

ಕೊರೆಯುವ ಮೊದಲು ಸ್ವಿಚ್ ಬೋರ್ಡ್ ಎಲ್ಲಿದೆ ನೋಡಿ. ಗೋಡೆಯೊಳಗಿನ ವೈರಿನ ಪೈಪು ಸಾಮಾನ್ಯವಾಗಿ ಬೋರ್ಡಿನಿಂದ ನೇರ ಮೇಲಕ್ಕೆ ಹೋಗಿರುತ್ತದೆ, ಕೆಲವೊಮ್ಮೆ ಅಡ್ಡಕ್ಕೂ ಹೋಗಿರುತ್ತದೆ. ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ಅದೇ ಮಟ್ಟದಲ್ಲಿ ಅಕ್ಕಪಕ್ಕ, ಈ ಪಟ್ಟಿಗಳಲ್ಲಿ ತೂತು ಬೇಡ. ನಲ್ಲಿ, ಗೀಸರ್ ಇರುವ ಗೋಡೆಯಲ್ಲೂ ಇದೇ ಎಚ್ಚರಿಕೆ. ಮೇನ್ ಬೋರ್ಡಿನಲ್ಲಿ ಆ ಗೋಡೆಯ ಲೈನಿನ ಸ್ವಿಚ್ಚು (ಎಂಸಿಬಿ) ಆಫ್ ಮಾಡಿ, ಡ್ರಿಲ್ಲಿಗೆ ಬೇರೆ ರೂಮಿನಿಂದ ಕರೆಂಟ್ ತೆಗೆದುಕೊಳ್ಳಿ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿರುವಾಗ ಬ್ಯಾಟರಿ ಡ್ರಿಲ್ ಹಿಡಿದು ಕೊರೆಯಲು ಹೊರಡುವವರಿದ್ದಾರೆ. ಕರೆಂಟ್ ಯಾವ ಕ್ಷಣದಲ್ಲಾದರೂ ಬರಬಹುದು. ಅದಕ್ಕಿಂತ ಮುಖ್ಯ, ಮನೆಯಲ್ಲಿ ಯುಪಿಎಸ್ ಇದ್ದರೆ ಲೈನ್ ಹೋಗಿದ್ದರೂ ಅದರ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಯುಪಿಎಸ್ ಕೂಡ ಆಫ್ ಮಾಡಿ.

ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕು. ಸಿಮೆಂಟ್, ಕಲ್ಲಿನ ಪುಡಿ ಶ್ವಾಸಕೋಶಕ್ಕೆ ನಿಜವಾಗಿಯೂ ಕೆಟ್ಟದ್ದು.

ಹಲಗೆ ನಡುವೆ ಬಾಗಿದೆ, ಆದರೆ ಬ್ರಾಕೆಟ್ ಅಲ್ಲಾಡುತ್ತಿಲ್ಲ

ಗೋಡೆಯನ್ನು ಮುಟ್ಟಲೇಬೇಡಿ, ಇದು ಹಲಗೆಯ ಸಮಸ್ಯೆ. ಬ್ರಾಕೆಟ್‌ಗಳ ನಡುವಿನ ದೂರ ಜಾಸ್ತಿಯಾಗಿದೆ, ಇಲ್ಲವೇ ಹಲಗೆ ತೆಳುವಾಯಿತು. 12 ಎಂಎಂ ಪ್ಲೈವುಡ್ ಬದಲು 18 ಎಂಎಂ ಹಾಕಿದರೆ ಅದೇ ಭಾರಕ್ಕೆ ಬಾಗುವುದು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ನಾಲ್ಕು ಅಡಿ ಹಲಗೆಗೆ ಎರಡು ತುದಿಯಲ್ಲಿ ಮಾತ್ರ ಬ್ರಾಕೆಟ್ ಇದ್ದರೆ ನಡುವೆ ಇನ್ನೊಂದು ಕೊಡಿ. ಎರಡು ಅಡಿಗೊಂದು ಬ್ರಾಕೆಟ್ ಒಳ್ಳೆಯ ಲೆಕ್ಕ. ಪಾರ್ಟಿಕಲ್ ಬೋರ್ಡ್ ಹಲಗೆಯಾಗಿದ್ದರೆ ಸಕಲೇಶಪುರ, ಮೂಡಿಗೆರೆ, ಶೃಂಗೇರಿಯಂಥ ತೇವದ ಊರುಗಳಲ್ಲಿ ಅದು ಒಂದು ಮಳೆಗಾಲಕ್ಕೇ ಉಬ್ಬಿ ಮೆತ್ತಗಾಗಬಹುದು, ಅದನ್ನು ಬದಲಾಯಿಸುವುದೇ ಸರಿ.

ಬ್ರಾಕೆಟ್‌ನ ಮೇಲ್ತುದಿ ಗೋಡೆಯಿಂದ ಬಿಟ್ಟುಕೊಂಡಿದೆ

ಎಲ್ಲಕ್ಕಿಂತ ಹೆಚ್ಚು ಕಾಣುವ ಲಕ್ಷಣ ಇದು. ಮೇಲಿನ ಸ್ಕ್ರೂ ಎರಡು ಮೂರು ಎಂಎಂ ಈಚೆ ಬಂದಿರುತ್ತದೆ, ಕೆಳಗಿನದು ಗಟ್ಟಿಯಾಗಿಯೇ ಇರುತ್ತದೆ. ಶೆಲ್ಫಿನ ಭಾರ ಸ್ಕ್ರೂವನ್ನು ಕೆಳಕ್ಕೆ ಮಾತ್ರ ಒತ್ತುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಮೇಲಿನ ಸ್ಕ್ರೂವನ್ನು ಗೋಡೆಯಿಂದ ಹೊರಕ್ಕೂ ಎಳೆಯುತ್ತದೆ.

ಲೆಕ್ಕ ಹಾಕಿ ನೋಡಿ. 10 ಇಂಚು ಅಗಲದ ಹಲಗೆ, ಅದರ ಮೇಲೆ 20 ಕೆಜಿ ಸಾಮಾನು. ಸಾಮಾನು ಸಮವಾಗಿ ಇದ್ದರೆ ಭಾರ ಗೋಡೆಯಿಂದ 5 ಇಂಚು ದೂರದಲ್ಲಿದೆ ಅಂತ ಹಿಡಿಯಬಹುದು. ಬ್ರಾಕೆಟ್‌ನ ಗೋಡೆಗೆ ತಾಗುವ ಕಾಲು 8 ಇಂಚು ಉದ್ದವಿದ್ದರೆ ಮೇಲಿನ ಸ್ಕ್ರೂಗಳ ಮೇಲೆ ಬೀಳುವ ಎಳೆತ ಎಲ್ಲ ಸೇರಿ ಸುಮಾರು 12.5 ಕೆಜಿ. ಅದೇ ಕಾಲು 4 ಇಂಚು ಇದ್ದರೆ 25 ಕೆಜಿ. ಆ 4 ಇಂಚಿನ ಕಾಲಿಗೇ ಭಾರವನ್ನೆಲ್ಲ ಹಲಗೆಯ ಹೊರ ಅಂಚಿಗೆ ತಂದು ಇಟ್ಟರೆ 50 ಕೆಜಿ! ಸಾಮಾನು ಅದೇ 20 ಕೆಜಿ, ಎಳೆತ ನಾಲ್ಕು ಪಟ್ಟು.

ಅದಕ್ಕೇ ಮೊದಲು ನೋಡಬೇಕಾದ್ದು ಬ್ರಾಕೆಟ್ ತಲೆಕೆಳಗಾಗಿ ಹಾಕಿದೆಯಾ ಅಂತ. ಎಲ್ ಆಕಾರದ ಬ್ರಾಕೆಟ್‌ನಲ್ಲಿ ಎರಡು ಕಾಲು ಒಂದೇ ಅಳತೆ ಇರದಿದ್ದರೆ ಉದ್ದದ ಕಾಲು ಗೋಡೆಗೆ ಬರಬೇಕು. ಹಲಗೆಗೆ ಆಸರೆ ಜಾಸ್ತಿ ಸಿಗಲಿ ಅಂತ ಉದ್ದದ ಕಾಲನ್ನು ಹಲಗೆಗೆ ಕೊಡುತ್ತಾರೆ, ಅದು ಉಲ್ಟಾ. ಎರಡನೆಯದು, ಭಾರದ ಸಾಮಾನು ಗೋಡೆಯ ಕಡೆಗಿರಲಿ, ಹಗುರದ್ದು ಅಂಚಿಗೆ. ಕುಕ್ಕರ್, ಅಕ್ಕಿ ಡಬ್ಬ, ಕಾಫಿ ಪುಡಿಯ ದೊಡ್ಡ ಡಬ್ಬ ಎಲ್ಲ ಹಿಂದಕ್ಕೆ. ಇವೆರಡಕ್ಕೂ ಒಂದು ರೂಪಾಯಿ ಖರ್ಚಿಲ್ಲ.

ಬ್ರಾಕೆಟ್ ಸರಿಯಿದ್ದರೆ ಮುಂದಿನ ಅನುಮಾನ ಪ್ಲಗ್ ಎಷ್ಟು ಆಳಕ್ಕೆ ಕೂತಿದೆ ಅನ್ನುವುದು. ಒಂದು ಸ್ಕ್ರೂ ಪೂರ್ತಿ ಬಿಚ್ಚಿ ನೋಡಿ. ಗೋಡೆಯ ಮೇಲಿನ ಪ್ಲಾಸ್ಟರೇ 12ರಿಂದ 20 ಎಂಎಂ ಇರುತ್ತದೆ, ಅಂಕುಡೊಂಕು ಗೋಡೆಯಲ್ಲಿ ಇನ್ನೂ ದಪ್ಪ. 6 ಎಂಎಂ ಪ್ಲಗ್‌ನ ಉದ್ದ ಸಾಮಾನ್ಯವಾಗಿ 30 ಎಂಎಂ ಆಸುಪಾಸು. ಅಂದರೆ ಅರ್ಧಕ್ಕಿಂತ ಜಾಸ್ತಿ ಪ್ಲಗ್ ಬರೀ ಪ್ಲಾಸ್ಟರ್ ಹಿಡಿದುಕೊಂಡಿರಬಹುದು. ಪ್ಲಾಸ್ಟರ್ ಭಾರ ಹೊರುವುದಿಲ್ಲ, ಪುಡಿಯಾಗುತ್ತದೆ. ಪ್ಲಗ್ ಪೂರ್ತಿಯಾಗಿ ಇಟ್ಟಿಗೆ ಅಥವಾ ಬ್ಲಾಕಿನ ಒಳಗೆ ಕೂರಬೇಕು.

ಇದನ್ನು ಸರಿ ಮಾಡಲು 8 ಎಂಎಂ, 40 ಎಂಎಂ ಉದ್ದದ ನೈಲಾನ್ ಪ್ಲಗ್ ತೆಗೆದುಕೊಳ್ಳಿ. ಪ್ಲಾಸ್ಟರ್ 15 ಎಂಎಂ ಇದ್ದರೆ ತೂತಿನ ಆಳ 15, ಪ್ಲಗ್ಗಿನ 40, ಪುಡಿಗೆ ಜಾಗ 10, ಒಟ್ಟು 65 ಎಂಎಂ. ಡ್ರಿಲ್ಲಿನ ಬಿಟ್ಟಿಗೆ (ಕೊರೆಯುವ ಕಡ್ಡಿಗೆ) ಅಷ್ಟು ಉದ್ದಕ್ಕೆ ಗುರುತಾಗಿ ಇನ್ಸುಲೇಷನ್ ಟೇಪ್ ಸುತ್ತಿ. ಪ್ಲಗ್ಗನ್ನು ಮೊಳೆಯಿಂದ ತಳ್ಳಿ ಪ್ಲಾಸ್ಟರ್ ದಾಟಿಸಿ. ಸ್ಕ್ರೂ ಉದ್ದಕ್ಕೆ ಬ್ರಾಕೆಟ್ ದಪ್ಪ 3, ಪ್ಲಾಸ್ಟರ್ 15, ಪ್ಲಗ್ 40, ತುದಿ ಹೊರಬರಲು 5, ಹತ್ತಿರ ಹತ್ತಿರ 65 ಎಂಎಂ. ಸ್ಕ್ರೂ ತುದಿ ಪ್ಲಗ್ ದಾಟಿ ಹೊರಬಂದರೆ ಮಾತ್ರ ಪ್ಲಗ್ ಪೂರ್ತಿ ಅರಳುತ್ತದೆ. ಗಿಡ್ಡ ಸ್ಕ್ರೂ ಹಾಕಿದರೆ ಬಾಯಿ ಮಾತ್ರ ಅರಳಿ ಪ್ಲಾಸ್ಟರ್ ಒಡೆಯುತ್ತದೆ.

ಸ್ಕ್ರೂ ಸುಮ್ನೆ ತಿರುಗುತ್ತಲೇ ಇದೆ, ಬಿಗಿಯಾಗುತ್ತಿಲ್ಲ

ಸ್ಕ್ರೂ ಜೊತೆ ಪ್ಲಗ್ಗೂ ತಿರುಗುತ್ತಿದೆಯಾ ನೋಡಿ. ಪ್ಲಗ್ ನಿಂತು ಸ್ಕ್ರೂ ಮಾತ್ರ ತಿರುಗಿದರೆ ಸ್ಕ್ರೂ ಸಣ್ಣದಾಯಿತು. 8 ಎಂಎಂ ಪ್ಲಗ್ಗಿಗೆ 5 ಎಂಎಂ ದಪ್ಪದ ಸ್ಕ್ರೂ ಹಾಕಿ ನೋಡಿ, ಅಷ್ಟರಲ್ಲೇ ಮುಗಿಯಬಹುದು.

ಎರಡೂ ಒಟ್ಟಿಗೆ ತಿರುಗಿದರೆ ತೂತು ದೊಡ್ಡದಾಗಿದೆ. ಕೊರೆಯುವಾಗ ಕೈ ಅಲ್ಲಾಡಿರಬಹುದು, ಮೆತ್ತನೆ ಇಟ್ಟಿಗೆಗೆ ಹ್ಯಾಮರ್ ಮೋಡ್ (ಡ್ರಿಲ್ ತಿರುಗುತ್ತಲೇ ಸುತ್ತಿಗೆಯಂತೆ ಬಡಿಯುವುದು) ಹಾಕಿರಬಹುದು, ಅಥವಾ ತೂತು ಎರಡು ಇಟ್ಟಿಗೆಗಳ ನಡುವಿನ ಗಾರೆಗೆ ಬಿದ್ದಿರಬಹುದು. ಹಳೆಯ ಮನೆಗಳಲ್ಲಿ ಸುಟ್ಟ ಇಟ್ಟಿಗೆಯನ್ನು ಮಣ್ಣಿನ ಗಾರೆಯಲ್ಲೇ ಕಟ್ಟಿ ಮೇಲೆ ಸಿಮೆಂಟ್ ಬಳಿದಿರುವುದುಂಟು. ಇಟ್ಟಿಗೆಗೆ ಬಿದ್ದ ತೂತು ಗಟ್ಟಿ, ಎರಡು ಇಂಚು ಆಚೆ ಗಾರೆಗೆ ಬಿದ್ದ ತೂತು ಮೆತ್ತಗೆ. ಒಂದೇ ಬ್ರಾಕೆಟ್‌ನಲ್ಲಿ ಒಂದು ಸ್ಕ್ರೂ ಬಿಗಿ ಇನ್ನೊಂದು ಸಡಿಲ ಆದರೆ ಕಾರಣ ಬಹುಶಃ ಇದೇ.

ಬೆಂಕಿಕಡ್ಡಿ, ಪೇಪರ್, ಪ್ಲಾಸ್ಟಿಕ್ ವೈರಿನ ತುಂಡು ತುರುಕಬೇಡಿ. ಕ್ಯಾಲೆಂಡರ್ ತೂಗಲು ನಡೆಯುತ್ತದೆ, ಶೆಲ್ಫಿಗೆ ನಡೆಯುವುದಿಲ್ಲ. ತೂತಿನ ಅಂಚು ದುಂಡಗೆ ಗಟ್ಟಿಯಾಗಿದ್ದರೆ ಒಂದು ಸೈಜ್ ದೊಡ್ಡ ಪ್ಲಗ್ ಹಾಕಿ, 6 ಇದ್ದಲ್ಲಿ 8, 8 ಇದ್ದಲ್ಲಿ 10. ಅದಕ್ಕೆ ತಕ್ಕ ಬಿಟ್ಟಿನಲ್ಲಿ ಮತ್ತೆ ಕೊರೆದೇ ಹಾಕಬೇಕು. ಅಂಚು ಕಿತ್ತುಹೋಗಿದ್ದರೆ ಆ ತೂತನ್ನು ಸಿಮೆಂಟ್ ಗಾರೆಯಿಂದ ಮುಚ್ಚಿ, ಬ್ರಾಕೆಟ್ಟನ್ನು ಎರಡು ಮೂರು ಇಂಚು ಪಕ್ಕಕ್ಕೆ ಸರಿಸಿ ಹೊಸ ತೂತು ಮಾಡಿ.

ಗೋಡೆ ಯಾವುದು ಅಂತಲೇ ಗೊತ್ತಿಲ್ಲ

ಬೆರಳ ಗೆಣ್ಣಿನಿಂದ ಬಡಿದು ನೋಡುವುದು ಮೊದಲ ಪರೀಕ್ಷೆ. ಗಟ್ಟಿ ಗೋಡೆ ಸದ್ದೇ ಕೊಡುವುದಿಲ್ಲ, ಗೆಣ್ಣು ನೋಯುತ್ತದೆ ಅಷ್ಟೆ. ಡಬ್ ಡಬ್ ಅಂದರೆ ಹಿಂದೆ ಪೊಳ್ಳಿದೆ, ಅಥವಾ ಪ್ಲಾಸ್ಟರ್ ಗೋಡೆಯಿಂದ ಬಿಟ್ಟುಕೊಂಡಿದೆ. ಒಂದೇ ಕಡೆ ಮಾತ್ರ ಹೀಗೆ ಕೇಳಿದರೆ ಪ್ಲಾಸ್ಟರ್ ಬಿಟ್ಟಿರುವುದು, ಗೋಡೆ ತುಂಬಾ ಹೀಗೇ ಕೇಳಿದರೆ ಬೋರ್ಡಿನ ಗೋಡೆ.

ಇನ್ನೂ ನಿಖರವಾಗಿ ತಿಳಿಯಬೇಕಾದರೆ ಬ್ರಾಕೆಟ್ ಮುಚ್ಚಿಕೊಳ್ಳುವ ಜಾಗದಲ್ಲಿ 5 ಎಂಎಂ ಬಿಟ್ಟಿನಿಂದ ಹ್ಯಾಮರ್ ಇಲ್ಲದೆ ಒಂದು ತೂತು ಕೊರೆಯಿರಿ. ಕೆಳಗೆ ಪೇಪರ್ ಮಡಚಿ ಅಂಟಿಸಿ ಪುಡಿ ಹಿಡಿಯಿರಿ. ಮೊದಲು ಬರುವುದು ಪ್ಲಾಸ್ಟರಿನ ಮರಳು ಮರಳು ಬೂದು ಪುಡಿ, ಅದನ್ನು ಬಿಟ್ಟುಬಿಡಿ. ಆಮೇಲೆ ಬರುವುದೇ ಗೋಡೆಯ ಗುರುತು.

ಇಟ್ಟಿಗೆ ಕೆಂಪು ನಯವಾದ ಪುಡಿ ಬಂದರೆ ಸುಟ್ಟ ಇಟ್ಟಿಗೆ. ನೈಲಾನ್ ಪ್ಲಗ್ ಚೆನ್ನಾಗಿ ಹಿಡಿಯುತ್ತದೆ, ಹ್ಯಾಮರ್ ಆದಷ್ಟು ಬೇಡ. ಬೂದು ಬಣ್ಣದ ಪುಡಿ, ಕೊರೆಯಲು ಕಷ್ಟ ಅಂದರೆ ಸಾಲಿಡ್ ಬ್ಲಾಕು ಅಥವಾ ಕಾಂಕ್ರೀಟ್, ಇಲ್ಲಿ ಹ್ಯಾಮರ್ ಬೇಕು, ಪ್ಲಗ್ಗೂ ಸಾಕು. ಕೆಂಪು ಕಂದು ಬಣ್ಣದ ಜೊತೆ ಹಳದಿ ಕಣ ಇದ್ದು ಮೆತ್ತಗೆ ಹೋದರೆ ಜಂಬಿಟ್ಟಿಗೆ. ಅದರಲ್ಲಿ ಸಣ್ಣ ಸಣ್ಣ ಪೊಳ್ಳು ಇರುವುದರಿಂದ 10 ಎಂಎಂನ ಉದ್ದ ಪ್ಲಗ್ ಬೇಕು. ತುಂಬಾ ಹಗುರಾದ, ಬಿಳಿಯತ್ತ ತಿರುಗಿದ ಬೂದು ಪುಡಿ, ಬೆಣ್ಣೆಯೊಳಗೆ ಹೋದಂತೆ ಬಿಟ್ ಹೋಯಿತು ಅಂದರೆ ಎಎಸಿ ಬ್ಲಾಕು (ಒಳಗೆಲ್ಲ ಗಾಳಿಯ ಗುಳ್ಳೆಗಳಿರುವ ಹಗುರ ಸಿಮೆಂಟ್ ಬ್ಲಾಕು). ಪೂರ್ತಿ ಬಿಳಿ ಪುಡಿ ಬಂದು ಅರ್ಧ ಇಂಚಿಗೇ ಖಾಲಿ ಸಿಕ್ಕಿದರೆ ಜಿಪ್ಸಂ ಬೋರ್ಡು. ಮಣ್ಣಿನ ವಾಸನೆಯ ಕಂದು ಪುಡಿ, ಸ್ವಲ್ಪ ತೇವ, ನಡುವೆ ಹುಲ್ಲಿನ ಎಳೆ ಇದ್ದರೆ ಮಣ್ಣಿನ ಗೋಡೆ.

ಬೋರ್ಡಿನ ಹಾಗೆ ಕಾಣುವ ಹಳೆಯ ಸಿಮೆಂಟ್ ಶೀಟಿನ ಅಡ್ಡಗೋಡೆಯಾದರೆ ಈ ಪರೀಕ್ಷೆಯನ್ನೂ ಮಾಡಬೇಡಿ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಆ ಪುಡಿ ಉಸಿರಿನಲ್ಲಿ ಹೋದರೆ ಕ್ಯಾನ್ಸರ್ ಬರಬಲ್ಲದು. ಅಂಥ ಗೋಡೆಯ ಮುಂದೆ ನೆಲದ ಮೇಲೆ ನಿಲ್ಲುವ ರ್‍ಯಾಕ್ ಇಡಿ.

ಡ್ರಿಲ್ ಅರ್ಧಕ್ಕೆ ಗಕ್ಕನೆ ಒಳಗೆ ಹೋಯಿತು

ಹಾಲೋ ಬ್ಲಾಕು ಅಥವಾ ಜಿಪ್ಸಂ ಬೋರ್ಡು. ಹಾಲೋ ಬ್ಲಾಕಿನ ಹೊರ ಚಿಪ್ಪು ಸುಮಾರು ಒಂದು ಇಂಚಿನಿಂದ ಒಂದೂವರೆ ಇಂಚು, ಆಮೇಲೆ ಪೊಳ್ಳು. ಸಾಮಾನ್ಯ ಪ್ಲಗ್‌ನ ಬಾಲ ಗಾಳಿಯಲ್ಲಿ ನೇತಾಡುತ್ತದೆ. ಇಲ್ಲಿ ಹ್ಯಾಮರ್ ಹಾಕಿದರೆ ಚಿಪ್ಪಿನ ಒಳಮೈ ಒಡೆದು ತೂತು ದೊಡ್ಡದಾಗುತ್ತದೆ. ಹಿಂದೆ ಗಂಟು ಬೀಳುವಂಥ ಉದ್ದದ ನೈಲಾನ್ ಪ್ಲಗ್ ಕೇಳಿ. ಭಾರ ಜಾಸ್ತಿಯಿದ್ದರೆ ಕೆಮಿಕಲ್ ಆಂಕರ್, ಅಂದರೆ ತೂತಿಗೆ ಜಾಲರಿಯ ಕೊಳವೆ ಇಟ್ಟು ಗಟ್ಟಿಯಾಗುವ ಅಂಟು ತುಂಬಿ ಅದರಲ್ಲಿ ಬೋಲ್ಟ್ ಕೂರಿಸುವುದು. ಕಬ್ಬಿಣದ ಆಂಕರ್ ಬೋಲ್ಟ್ ಮಾತ್ರ ಬೇಡ, ಅದು ಬಿಗಿಯಾಗುತ್ತಾ ಪಕ್ಕಕ್ಕೆ ಒತ್ತಿ ಚಿಪ್ಪನ್ನೇ ಸೀಳುತ್ತದೆ.

ಜಿಪ್ಸಂ ಬೋರ್ಡಿನ ಹಿಂದೆ ತಗಡಿನ ಕಂಬಗಳಿರುತ್ತವೆ, ಸಾಮಾನ್ಯವಾಗಿ ಎರಡು ಅಡಿಗೊಂದು. ಒಂದು ಸಣ್ಣ ಆಯಸ್ಕಾಂತ ಗೋಡೆ ಮೇಲೆ ಸರಿಸುತ್ತಾ ಹೋದರೆ ಸ್ಕ್ರೂ ತಲೆ ಇರುವ ಕಡೆ ಹಿಡಿಯುತ್ತದೆ, ಅದೇ ಕಂಬದ ಸಾಲು. ಬ್ರಾಕೆಟ್ ಅಲ್ಲಿಗೇ ಬರಲಿ. ಎರಡು ಕಂಬದ ನಡುವೆ ಬರೀ ಬೋರ್ಡಿಗೆ ಹಾಕುವುದಾದರೆ ಹಿಂದೆ ರೆಕ್ಕೆ ಬಿಚ್ಚುವ ಟಾಗಲ್ ಬೋಲ್ಟ್ ಬೇಕು, ಅದೂ ಫೋಟೋ, ಸಣ್ಣ ಗಿಡದಂಥ ಹಗುರ ಸಾಮಾನಿಗೆ. ಪುಸ್ತಕ, ಪಾತ್ರೆಗೆ ಬೇಡ.

ಡ್ರಿಲ್ ಒಳಗೆ ಹೋಗುತ್ತಲೇ ಇಲ್ಲ

ಮೊದಲು ಡ್ರಿಲ್ ರಿವರ್ಸ್‌ನಲ್ಲಿ ಇದೆಯಾ, ಬಿಟ್ ಗೋಡೆಯದ್ದಾ ಕಬ್ಬಿಣದ್ದಾ, ತುದಿ ಸವೆದಿದೆಯಾ ನೋಡಿ. ಇದೆಲ್ಲ ಸರಿಯಿದ್ದರೆ ಬಾಗಿಲು ಕಿಟಕಿ ಮೇಲಿನ ಲಿಂಟಲ್, ಇಲ್ಲವೇ ಪಿಲ್ಲರ್, ಬೀಮ್ ಸಿಕ್ಕಿರಬಹುದು. ಅದಕ್ಕೆ ರೋಟರಿ ಹ್ಯಾಮರ್ ಬಾಡಿಗೆಗೆ ತನ್ನಿ. ಕಿರ್ ಅಂತ ಲೋಹದ ಸದ್ದು ಬಂದು ಹೊಳೆಯುವ ಚೂರು ಬಿದ್ದರೆ ಅದು ಕಂಬಿ. ಅಲ್ಲೇ ನಿಲ್ಲಿಸಿ, ತೂತು ಒಂದೆರಡು ಇಂಚು ಸರಿಸಿ. ಶೆಲ್ಫಿಗೋಸ್ಕರ ಪಿಲ್ಲರಿನ ಕಂಬಿ ಕತ್ತರಿಸಬಾರದು.

ಸೈಜುಗಲ್ಲಿನ ಗೋಡೆಯಲ್ಲೂ ಹೀಗೇ ಆಗುತ್ತದೆ. ಕಲ್ಲು ಕೊರೆದರೆ ಹಿಡಿತ ತುಂಬಾ ಒಳ್ಳೆಯದು, ಆದರೆ ಸಂದಿನ ಗಾರೆಗೆ ಹಾಕುವ ಆಸೆ ಬೇಡ.

ಹೊಸ ಮನೆ, ಹಗುರ ಬ್ಲಾಕು, ಪ್ಲಗ್ ಕೈಯಲ್ಲೇ ಕಿತ್ತು ಬರುತ್ತಿದೆ

ಎಎಸಿ ಬ್ಲಾಕಿಗೆ ಮಾಮೂಲಿ ಪ್ಲಗ್ ಸಾಲುವುದಿಲ್ಲ. ಹ್ಯಾಮರ್ ಆಫ್ ಮಾಡಿ ಕೊರೆಯಿರಿ, ಎಎಸಿ ಬ್ಲಾಕಿಗೆಂದೇ ಬರುವ, ಅಗಲ ರೆಕ್ಕೆಯ ಉದ್ದ ಪ್ಲಗ್ ಹಾಕಿ. ಅದು ಹತ್ತಿರದ ಅಂಗಡಿಯಲ್ಲಿ ಸಿಗದಿದ್ದರೆ ಸುಮ್ನೆ ದಪ್ಪ ಪ್ಲಗ್ ತಂದು ಸಮಾಧಾನ ಮಾಡಿಕೊಳ್ಳಬೇಡಿ, ತರಿಸಿ ಹಾಕಿ. ಇಲ್ಲೂ ಅರಳುವ ಕಬ್ಬಿಣದ ಬೋಲ್ಟ್ ಬೇಡ.

ಹಳೆಯ ಮಣ್ಣಿನ ಗೋಡೆ, ಏನು ಹಾಕಿದರೂ ನಿಲ್ಲುತ್ತಿಲ್ಲ

ಅದು ಪ್ಲಗ್ಗಿಗೆ ಆದ ಗೋಡೆಯಲ್ಲ. ಮಣ್ಣಿನ ಗೋಡೆ ತನ್ನ ಮೇಲಿನ ಭಾರವನ್ನು ಹೊರುತ್ತದೆ, ಆದರೆ ಎಳೆತ ತಡೆಯುವುದಿಲ್ಲ. ಪ್ಲಗ್ ಅರಳಿದಷ್ಟೂ ಸುತ್ತಲ ಮಣ್ಣು ಪುಡಿಯಾಗುತ್ತದೆ. ಹಳಬರು ಇದನ್ನು ಚೆನ್ನಾಗಿ ಅರಿತಿದ್ದರು. ಮಲೆನಾಡಿನ ಮನೆಗಳಲ್ಲಿ ಗೋಡೆಯ ದಪ್ಪದಲ್ಲೇ ಗೂಡು ಬಿಡುತ್ತಿದ್ದರು, ನಾಗಂದಿಗೆಗೆ ಕಟ್ಟುವಾಗಲೇ ಗೋಡೆಯೊಳಗೆ ಮರ ಕೂರಿಸುತ್ತಿದ್ದರು, ಮಿಕ್ಕ ಭಾರಕ್ಕೆಲ್ಲ ಅಟ್ಟ. ಇಂಥ ಮನೆಯಲ್ಲಿದ್ದರೆ ಆ ಜಾಗಗಳನ್ನು ಹುಡುಕಿ. ಬಣ್ಣ ಬಳಿದು ಮುಚ್ಚಿದ ಹಳೆಯ ಗೂಡು, ಗೋಡೆಯಲ್ಲಿನ ಹಳೆಯ ಗೂಟ ಇದ್ದರೂ ಇರಬಹುದು.

ಸುಲಭದ ದಾರಿ, ಭಾರವನ್ನು ನೆಲಕ್ಕೆ ಕೊಡುವುದು. ನೆಲದ ಮೇಲೆ ನಿಲ್ಲುವ ರ್‍ಯಾಕ್ ಮಾಡಿಸಿ, ಮುಂದಕ್ಕೆ ಬೀಳದಂತೆ ಮಾತ್ರ ಮೇಲೆ ಹಿಡಿತ ಕೊಡಿ. ಇನ್ನೊಂದು, ಮೇಲಿನ ತೊಲೆಯಿಂದ ಸರಪಳಿ ಅಥವಾ ಕಂಬಿ ಇಳಿಬಿಟ್ಟು ಹಲಗೆ ತೂಗುಹಾಕುವುದು. ಅದಕ್ಕೂ ಮೊದಲು ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಗೆದ್ದಲು ಹಿಡಿದಿದ್ದರೆ ಸಲೀಸಾಗಿ ಒಳಗೆ ಹೋಗುತ್ತದೆ. ಗೋಡೆಗೇ ಬೇಕು ಅಂತಿದ್ದರೆ ಹಳೆ ಮನೆ ಕೆಲಸ ಗೊತ್ತಿರುವ ಆಚಾರ್ರನ್ನು ಕರೆಸಿ ಉದ್ದದ ಮರದ ಗೂಟ ಗಾರೆಯಲ್ಲಿ ಕೂರಿಸಿ, ಅದು ಒಣಗಿದ ಮೇಲೆ ಪಟ್ಟಿ ಹೊಡೆಸಿ. ಇಲ್ಲೂ ಹಗುರ ಸಾಮಾನು ಮಾತ್ರ.

ಬೇಸಿಗೆಯಲ್ಲಿ ಸಡಿಲ, ಸ್ಕ್ರೂ ಸುತ್ತ ಕಂದು ಕಲೆ

ಅರಸೀಕೆರೆ, ಕಡೂರು ಕಡೆಯವರಿಗೆ ಇದು ಕಡಿಮೆ, ಘಟ್ಟದ ಅಂಚಿನವರಿಗೆ ಜಾಸ್ತಿ. ಮರದ ಬಿರಡೆ ಹಾಕಿ ಸ್ಕ್ರೂ ಹೊಡೆದಿದ್ದರೆ ಮಳೆಗಾಲದ ತೇವಕ್ಕೆ ಅದು ಉಬ್ಬಿ ಬಿಗಿಯಾಗುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಬಿಗಿ ಮಾಡುತ್ತಲೇ ಇದ್ದರೂ ಪ್ರಯೋಜನವಿಲ್ಲ, ತೆಗೆದು ನೈಲಾನ್ ಪ್ಲಗ್ ಹಾಕಿ.

ಕಂದು ಕಲೆ ಅಂದರೆ ತುಕ್ಕು. ಒಂದು ಸ್ಕ್ರೂ ಬಿಚ್ಚಿ ನೋಡಿ, ತಲೆ ಚೆನ್ನಾಗಿದ್ದು ನಡು ಸವೆದಿರಬಹುದು. ಕಪ್ಪು ಬಣ್ಣದ ಜಿಪ್ಸಂ ಸ್ಕ್ರೂ ಬ್ರಾಕೆಟ್‌ಗೆ ಹಾಕಿದ್ದರೆ ಅದನ್ನು ಈಗಲೇ ತೆಗೆಯಿರಿ, ಅದು ಬಾಗುವ ಬದಲು ಪಟ್ ಅಂತ ಮುರಿಯುತ್ತದೆ, ತೇವಕ್ಕೂ ಆಗುವುದಿಲ್ಲ. 304 ಗ್ರೇಡಿನ ಸ್ಟೀಲ್ ಸ್ಕ್ರೂ ಕೇಳಿ ತನ್ನಿ. ಗೋಡೆಯೇ ಒದ್ದೆಯಾಗುತ್ತಿದ್ದರೆ, ಪೇಂಟ್ ಉಬ್ಬಿ ಬಿಳಿ ಉಪ್ಪಿನಂಥ ಪುಡಿ ಬಂದಿದ್ದರೆ, ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಕಂಡುಹಿಡಿಯಿರಿ. ಆಮೇಲೆ ಶೆಲ್ಫು.

ಟೈಲ್ಸ್ ಇರುವ ಅಡುಗೆಮನೆ, ಬಚ್ಚಲುಮನೆಯಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ, ಹ್ಯಾಮರ್ ಇಲ್ಲದೆ ಟೈಲ್ಸ್ ಬಿಟ್ಟಿನಿಂದ ನಿಧಾನಕ್ಕೆ ಕೊರೆಯಿರಿ. ಪ್ಲಗ್ ಟೈಲ್ಸ್ ದಾಟಿ ಹಿಂದಕ್ಕೆ ಹೋಗಲಿ, ಟೈಲ್ಸಿನಲ್ಲೇ ಅರಳಿದರೆ ಅದು ಬಿರುಕು ಬಿಡುತ್ತದೆ.

ಇಲ್ಲಿ ಕೈ ನಿಲ್ಲಿಸಿ, ತಿಳಿದವರನ್ನು ಕರೆಯಿರಿ

ಸ್ಕ್ರೂ ಸುತ್ತ ಕೂದಲೆಳೆ ಬಿರುಕು ಇದ್ದರೆ ಅದು ಬರೀ ಪ್ಲಾಸ್ಟರ್. ಬಿರುಕು ಓರೆಯಾಗಿ ಮೆಟ್ಟಿಲಿನಂತೆ ಹೋಗಿದ್ದರೆ, ಬೆರಳಿನ ಉಗುರು ಒಳಗೆ ಹೋಗುವಷ್ಟಿದ್ದರೆ, ಗೋಡೆ ಹೊಟ್ಟೆ ಬಿಟ್ಟಂತೆ ಉಬ್ಬಿದ್ದರೆ ಶೆಲ್ಫಿನ ಮಾತು ಬಿಡಿ, ಎಂಜಿನಿಯರ್‌ಗೆ ತೋರಿಸಿ. ಕೊರೆದಾಗ ಕಿಡಿ ಹಾರಿದರೆ, ಎಂಸಿಬಿ ಬಿದ್ದರೆ, ಗೋಡೆ ಮುಟ್ಟಿದಾಗ ಜುಮ್ ಅಂದರೆ ಆ ಗೋಡೆ ಮುಟ್ಟಬೇಡಿ, ಮೇನ್ ಮತ್ತು ಯುಪಿಎಸ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಬರುವವರೆಗೆ ಕಾಯಿರಿ. ನೀರು ಚಿಮ್ಮಿದರೆ ಟ್ಯಾಂಕಿನ ಗೇಟ್‌ವಾಲ್ವ್ ಮುಚ್ಚಿ ಪ್ಲಂಬರ್‌ಗೆ ಹೇಳಿ.

ಮೈಕ್ರೋವೇವ್, ಗ್ರೈಂಡರ್, ಮಂಚದ ಮೇಲ್ಗಡೆ ಪುಸ್ತಕದ ಸಾಲು, ಇವುಗಳನ್ನು ಪ್ಲಗ್ ಲೆಕ್ಕದಲ್ಲಿ ನೀವೇ ಹಾಕಬೇಡಿ. ಮೇಸ್ತ್ರಿಯನ್ನು ಕರೆಯುವಾಗ ಪೇಪರಿನಲ್ಲಿ ಹಿಡಿದ ಪುಡಿ, ಬಿಚ್ಚಿದ ಹಳೆಯ ಸ್ಕ್ರೂ, ಪ್ಲಗ್ ಎತ್ತಿಟ್ಟುಕೊಂಡಿರಿ. ಹಾರ್ಡ್‌ವೇರ್ ಅಂಗಡಿಗೆ ಹೋಗುವಾಗಲೂ ಅವನ್ನೇ ಒಯ್ಯಿರಿ, "ಶೆಲ್ಫಿಗೆ ಪ್ಲಗ್ ಕೊಡಿ" ಅನ್ನುವ ಬದಲು "ಜಂಬಿಟ್ಟಿಗೆ ಗೋಡೆ, 15 ಎಂಎಂ ಪ್ಲಾಸ್ಟರ್, 20 ಕೆಜಿ ಭಾರ" ಅಂತ ಹೇಳಿ. ಹೊಸದಾಗಿ ಹಾಕಿದ ಮೇಲೆ ಮೊದಲ ದಿನ ಅರ್ಧ ಭಾರ ಇಡಿ, ಬ್ರಾಕೆಟ್ ಮೇಲ್ತುದಿಗೂ ಗೋಡೆಗೂ ನಡುವೆ ಪೇಪರ್ ತೂರಿಸಿ ನೋಡಿ, ತೂರದಿದ್ದರೆ ಮಿಕ್ಕಿದ್ದನ್ನು ಜೋಡಿಸಿ.